ಕಾಡಿನ ಪಾಠಕ್ಕೆ ಅಮ್ಮನೂ ಬರಲಿ

ನಮ್ಮ ವಯಸ್ಸಿನವರ ವಾರಾಂತ್ಯಕ್ಕೆ ಈಗ ಹೊಸ ಹೆಸರೊಂದು ಸೇರಿಕೊಂಡಿದೆ: ಬುಷ್‌ಕ್ರಾಫ್ಟ್. ಟ್ರೆಕ್ಕಿಂಗ್ ಹಳತಾಯಿತು, ಸಫಾರಿ ದುಬಾರಿಯಾಯಿತು. ಮೊಬೈಲ್ ತೆರೆದರೆ ‘ಎರಡೇ ದಿನಗಳಲ್ಲಿ ಕಾಡಿನಲ್ಲಿ ಬದುಕಲು ಕಲಿಯಿರಿ’ ಎಂಬ ಜಾಹೀರಾತು ಕಾಣುತ್ತದೆ. ಬೆಂಕಿಪೊಟ್ಟಣವಿಲ್ಲದೆ ಬೆಂಕಿ ಹೊತ್ತಿಸುವುದು, ಹಗ್ಗದಲ್ಲಿ ಗಂಟು ಹಾಕುವುದು, ತಲೆ ಮೇಲೊಂದು ಸೂರು ಕಟ್ಟಿಕೊಳ್ಳುವುದು, ಹಳ್ಳದ ನೀರನ್ನು ಕುಡಿಯುವಂತೆ ಮಾಡಿಕೊಳ್ಳುವುದು, ಕತ್ತಿಯನ್ನು ಸರಿಯಾಗಿ ಹಿಡಿಯುವುದು. ಇಷ್ಟು ಅದರ ಸಿಲೆಬಸ್. ಇಂಟರ್ನಲ್ಸ್ ಇಲ್ಲ, ವೈವಾ ಇಲ್ಲ. ಆ್ಯಕ್ಟಿವಿಟಿ ಪಾಯಿಂಟ್ ಸಿಗುತ್ತದೆಂಬ ಆಸೆಗೂ ಯಾರೂ ಬರುವುದಿಲ್ಲ. ಆದರೂ ಸೀಟು ಭರ್ತಿಯಾಗುತ್ತದೆ.

ಈ ಹುಚ್ಚು ಎಲ್ಲಿಂದ ಬಂತು ಎಂಬುದು ದೊಡ್ಡ ಗುಟ್ಟೇನಲ್ಲ. ಬೇರ್ ಗ್ರಿಲ್ಸ್ ಟಿವಿಯಲ್ಲಿ ಬಂಡೆ ಹತ್ತಿ ಹುಳ ತಿನ್ನುವುದನ್ನು ನೋಡಿಕೊಂಡೇ ಬೆಳೆದ ಪೀಳಿಗೆ ನಮ್ಮದು. 2020ರಲ್ಲಿ ಆತ ರಜನಿಕಾಂತ್ ಜೊತೆ ನಮ್ಮ ಬಂಡೀಪುರಕ್ಕೇ ಬಂದು ಶೂಟಿಂಗ್ ಮಾಡಿದಾಗ ನಾವೆಲ್ಲ ಹೈಸ್ಕೂಲಿನಲ್ಲಿದ್ದೆವು. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕೈಯಿಂದ ಏನಾದರೂ ಮಾಡಬೇಕು ಎನಿಸುವುದು ಸಹಜ, ಒಳ್ಳೆಯದೂ ಹೌದು. ನಾನು ಓದುವುದು ಮೆಕ್ಯಾನಿಕಲ್. ಹೆಸರಿನಲ್ಲೇ ಯಂತ್ರ ಇದ್ದರೂ ಕೈಗೆ ಮಸಿ ಹತ್ತುವುದು ವಾರಕ್ಕೊಂದು ಲ್ಯಾಬಿನಲ್ಲಿ ಮಾತ್ರ.

ಕಳೆದ ಜನವರಿಯಲ್ಲಿ ಸಾಗರ ತಾಲ್ಲೂಕಿನ ಖಾಸಗಿ ಅಡಿಕೆ ತೋಟವೊಂದರಲ್ಲಿ ನಡೆದ ಎರಡು ದಿನಗಳ ಕೋರ್ಸಿಗೆ ನಾನು ಅಮ್ಮನ ಜೊತೆ ಹೋಗಿದ್ದೆ. ಅದು ಪೋಷಕರು ಮತ್ತು ಮಕ್ಕಳು ಒಟ್ಟಿಗೆ ಭಾಗವಹಿಸುವ ಬ್ಯಾಚ್. ಅಪ್ಪನಿಗೆ ರಜೆ ಸಿಗದ ಕಾರಣ ಆ ಸೀಟು ಅಮ್ಮನಿಗೆ ಬಂತು. ‘ಆ ವಯಸ್ಸಲ್ಲೇ ಮಾಡಿ ಮುಗಿಸಿದ್ದಕ್ಕೆ ಈಗ ದುಡ್ಡು ಬೇರೆ ಕೊಡಬೇಕಾ?’ ಎನ್ನುತ್ತಲೇ ಅವರು ಬಸ್ ಹತ್ತಿದರು. ಅಮ್ಮ ಹುಟ್ಟಿ ಬೆಳೆದದ್ದು ಅದೇ ತಾಲ್ಲೂಕಿನ ಹಳ್ಳಿಯಲ್ಲಿ. ಮದುವೆಯಾದ ಮೇಲೆ ದಾವಣಗೆರೆಯ ಎರಡು ಕೋಣೆಯ ಬಾಡಿಗೆ ಮನೆ, ಗ್ಯಾಸ್ ಒಲೆ, ನಲ್ಲಿ ನೀರು.

ಆ ಎರಡು ದಿನಗಳ ನಂತರ ನನಗೆ ಗಟ್ಟಿಯಾದ ಅಭಿಪ್ರಾಯ ಇಷ್ಟು. ಇಂಥ ಕೋರ್ಸುಗಳಿಗೆ ಖಂಡಿತ ಹೋಗಬೇಕು. ಆದರೆ ಗೆಳೆಯರ ಗುಂಪಿನ ಜೊತೆಗಿಂತ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗುವುದು ಹೆಚ್ಚು ಲಾಭ. ‘ಬಾಂಡಿಂಗ್’ ಹೆಚ್ಚುತ್ತದೆ ಎಂಬ ಜಾಹೀರಾತಿನ ಮಾತಿಗೆ ಮರುಳಾಗಿ ಇದನ್ನು ಹೇಳುತ್ತಿಲ್ಲ. ತರಬೇತುದಾರರು ಒಂದು ಕೆಲಸವನ್ನು ಮಾಡುವುದು ಹೇಗೆಂದು ತೋರಿಸುತ್ತಾರೆ. ಆ ಕೆಲಸವನ್ನು ನಿತ್ಯವೂ ಮಾಡಿ ಬದುಕಿದವರು ಅದಕ್ಕೆ ತೆತ್ತ ಬೆಲೆ ಎಷ್ಟು, ಅದು ಎಲ್ಲಿ ನಡೆಯುವುದಿಲ್ಲ ಎಂಬುದನ್ನೂ ಹೇಳುತ್ತಾರೆ. ಆ ಎರಡನೇ ಪಾಠ ಯಾವ ಹ್ಯಾಂಡ್‌ಬುಕ್ಕಿನಲ್ಲೂ ಇಲ್ಲ.

ಮೊದಲು ಬೆಂಕಿಯ ವಿಷಯಕ್ಕೆ ಬರೋಣ. ತರಬೇತುದಾರ ಒಳ್ಳೆಯ ಮನುಷ್ಯ, ವಿಷಯ ಬಲ್ಲವರು. ಶಾಖ, ಇಂಧನ, ಆಮ್ಲಜನಕ ಎಂಬ ಬೆಂಕಿಯ ತ್ರಿಕೋನವನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದರು. ಕಿಡಿ ಹಾರಿಸುವ ಲೋಹದ ಕಡ್ಡಿಯನ್ನು ಎಲ್ಲರಿಗೂ ಕೊಟ್ಟರು. ಜನವರಿಯ ಬೆಳಗು, ನೆಲವೆಲ್ಲ ಇಬ್ಬನಿಯಿಂದ ಒದ್ದೆ. ಏಳು ಜೋಡಿಗಳಲ್ಲಿ ಹೆಚ್ಚಿನವರು ನೆಲದ ಮೇಲೆ ಬಿದ್ದ ಕಡ್ಡಿಗಳನ್ನು ಆಯ್ದು ತಂದರು. ಅಮ್ಮ ನೆಲ ನೋಡಲೇ ಇಲ್ಲ. ಪೊದೆಗಳಲ್ಲಿ ಸಿಕ್ಕಿಕೊಂಡು ನಿಂತಲ್ಲೇ ಒಣಗಿದ್ದ ರೆಂಬೆಗಳನ್ನು ಮುರಿದರು. ‘ಚಟ್’ ಎಂದು ಮುರಿದದ್ದನ್ನು ಇಟ್ಟುಕೊಂಡರು, ಬಾಗಿದ್ದನ್ನು ಬಿಸಾಡಿದರು. ತೋಟದ ಮನೆಯ ಹಿಂದೆ ಬಿದ್ದಿದ್ದ ತೆಂಗಿನ ಸಿಪ್ಪೆಯ ನಾರನ್ನು ಬಿಡಿಸಿ ಹಕ್ಕಿಗೂಡಿನಂತೆ ಮಾಡಿ ಕಿಡಿಗೆ ಹಿಡಿದರು. ನಮ್ಮ ಬೆಂಕಿ ಎಲ್ಲರಿಗಿಂತ ಮೊದಲು ಹತ್ತಿತು.

ಇದರ ಹಿಂದಿನ ವಿಜ್ಞಾನ ನಮ್ಮ ಥರ್ಮೊಡೈನಮಿಕ್ಸ್ ಪುಸ್ತಕದಲ್ಲೇ ಇದೆ. ಒಂದು ಕೆ.ಜಿ. ನೀರು ಕುದಿದು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಹಸಿ ಕಟ್ಟಿಗೆ ಉರಿಯುವ ಮುನ್ನ ತನ್ನೊಳಗಿನ ನೀರನ್ನು ಆವಿ ಮಾಡಲೇ ತನ್ನ ಶಕ್ತಿಯನ್ನು ಖರ್ಚು ಮಾಡುತ್ತದೆ. ಆಗ ಉರಿ ತಣ್ಣಗಾಗಿ, ಸರಿಯಾಗಿ ಸುಡದ ಅನಿಲ ಹೊಗೆಯಾಗಿ ಕಣ್ಣಿಗೆ ಬರುತ್ತದೆ. ನೆಲಕ್ಕೆ ತಾಗದ ರೆಂಬೆಗೆ ಗಾಳಿ ಆಡಿ ತೇವ ಕಡಿಮೆ ಇರುತ್ತದೆ. ನಾನು ಈ ಸಂಖ್ಯೆಯನ್ನು ಎರಡು ಪರೀಕ್ಷೆಗಳಲ್ಲಿ ಬರೆದಿದ್ದೇನೆ. ಅಮ್ಮ ಅದನ್ನು ಕಿವಿಯಿಂದ ಅಳೆದರು. ನಮ್ಮ ಭಾಷೆಯಲ್ಲೂ ಈ ಪಾಠ ಅಡಗಿದೆ. ತರಗು, ಪುಳ್ಳೆ, ಸಿಗಿದ ಕಟ್ಟಿಗೆ, ದಿಮ್ಮಿ ಎಂದು ಸಾಲಾಗಿ ಹೇಳಿದರೆ ಬೆಂಕಿಗೆ ಯಾವುದರ ನಂತರ ಯಾವುದನ್ನು ಇಡಬೇಕು ಎಂಬ ಪಟ್ಟಿಯೇ ಸಿಗುತ್ತದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ‘ಆಂಟಿ, ಎಲ್ಲಿ ಕಲಿತ್ರಿ?’ ಎಂದು ತರಬೇತುದಾರರು ಕೇಳಿದರು. ಅಮ್ಮ ಹೇಳಿದ್ದು: ‘ಕಲಿತದ್ದಲ್ಲಪ್ಪ. ಬೆಂಕಿ ಹತ್ತದಿದ್ದರೆ ಅವತ್ತು ಊಟ ತಡ ಆಗ್ತಿತ್ತು, ಶಾಲೆಗೆ ತಡ ಆಗ್ತಿತ್ತು.’ ಆಮೇಲೆ ಮಾತು ಮುಂದುವರಿಯಿತು. ಅಜ್ಜಿಯ ಜೊತೆ ಪ್ರತಿ ಭಾನುವಾರ ಸೌದೆ ಹೊರೆ ತರುವುದು, ಮಳೆ ಹಿಡಿಯುವ ಮೊದಲು ನಾಲ್ಕು ತಿಂಗಳಿಗಾಗುವಷ್ಟು ಕಟ್ಟಿಗೆ ಒಟ್ಟುವುದು, ಊದುಗೊಳವೆ ಊದಿ ಊದಿ ಅಜ್ಜಿಗೆ ಹಿಡಿದ ಕೆಮ್ಮು. ಮನೆಗೆ ಮೊದಲ ಸಿಲಿಂಡರ್ ಬಂದ ದಿನ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರಂತೆ. ನನ್ನ ಅಜ್ಜಿ ಹೆಚ್ಚು ವರ್ಷ ಆ ಗ್ಯಾಸ್ ಉಪಯೋಗಿಸಲಿಲ್ಲ.

ಕೋರ್ಸಿನಲ್ಲಿ ‘ಪ್ರಕೃತಿಗೆ ಮರಳೋಣ’ ಎಂಬ ಬ್ಯಾನರ್ ಇತ್ತು. ಅಮ್ಮನ ಮಾತಿನ ನಂತರ ಆ ಬ್ಯಾನರನ್ನು ಓದುವುದು ಸ್ವಲ್ಪ ಕಷ್ಟವಾಯಿತು. ಮುಚ್ಚಿದ ಅಡುಗೆಮನೆಯ ಸೌದೆ ಹೊಗೆಯಿಂದ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಕಣ್ಣಿನ ಪೊರೆ ಬರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಬಡ ಮನೆಗಳಿಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಶುರುವಾದದ್ದು 2016ರಲ್ಲಿ, ಅಂದರೆ ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ. ಅದಕ್ಕೂ ಬಹಳ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಕಡಿಮೆ ಸೌದೆ ಬೇಡುವ ಮತ್ತು ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸುವ ಒಲೆಯನ್ನು ರೂಪಿಸಿತ್ತು. ‘ಅಸ್ತ್ರ ಒಲೆ’ ಎಂದರೆ ನಮ್ಮ ಹಿರಿಯರು ಇಂದಿಗೂ ಗುರುತಿಸುತ್ತಾರೆ. ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡದ್ದು ಕಿಡಿ ಹೊತ್ತಿಸುವುದು ಹೇಗೆ ಎಂಬುದಕ್ಕಲ್ಲ, ಅದನ್ನು ದಿನಕ್ಕೆ ಮೂರು ಸಲ ಹೊತ್ತಿಸುವ ಹೆಂಗಸಿನ ಎದೆಗೆ ಹೊಗೆ ಹೋಗದಂತೆ ತಡೆಯುವುದು ಹೇಗೆ ಎಂಬುದಕ್ಕೆ. ಒಬ್ಬ ಬಿಇ ವಿದ್ಯಾರ್ಥಿ ಬೆಂಕಿಯ ಮುಂದೆ ಕೂತಾಗ ನೆನಪಾಗಬೇಕಾದ ಪ್ರಶ್ನೆ ಇದು. ಅಮ್ಮ ಪಕ್ಕದಲ್ಲಿ ಇಲ್ಲದಿದ್ದರೆ ಅದು ನನಗೆ ನೆನಪಾಗುತ್ತಿರಲಿಲ್ಲ.

ಗಂಟಿನ ಪಾಠದಲ್ಲೂ ಹೀಗೆಯೇ ಆಯಿತು. ‘ಬೋಲೈನ್’ ಗಂಟನ್ನು ತರಬೇತುದಾರರು ನಾಲ್ಕು ಸಲ ತೋರಿಸಿದರು. ಎಷ್ಟೇ ಎಳೆದರೂ ಅದರ ಕುಣಿಕೆ ಕಿರಿದಾಗುವುದಿಲ್ಲ, ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಹಡಗಿನವರು, ಬೆಟ್ಟ ಹತ್ತುವವರು ಬಳಸುವ ಗಂಟು ಎಂದರು. ಅಮ್ಮ ಅದನ್ನು ನೋಡಿ ‘ಇದು ಕೊಟ್ಟಿಗೆ ಗಂಟಲ್ವಾ?’ ಎಂದರು. ಹಸುವಿನ ಕುತ್ತಿಗೆಗೆ ಜೀರುಗುಣಿಕೆ ಹಾಕಬಾರದು. ಹಸು ಎಳೆದಷ್ಟೂ ಅದು ಬಿಗಿದು ಉಸಿರು ಕಟ್ಟುತ್ತದೆ. ಕುತ್ತಿಗೆಗೆ ಜಾರದ ಗಂಟು, ಗೂಟಕ್ಕೆ ಬೇಗ ಬಿಚ್ಚುವ ಗಂಟು ಹಾಕಬೇಕು. ಅಮ್ಮನಿಗೆ ಇದನ್ನು ಕಲಿಸಿದ್ದು ಅಜ್ಜ. ಬೆಂಕಿ ಬಿದ್ದರೆ ಕೊಟ್ಟಿಗೆಯ ದನಗಳನ್ನು ಕತ್ತಲೆಯಲ್ಲೂ ಬಿಚ್ಚಿ ಓಡಿಸಲು ಬರಬೇಕು ಎಂಬುದು ಅಜ್ಜನ ಕಾರಣ. ಗಂಟು ಒಂದೇ, ಆದರೆ ಅದರ ಕಾರಣ ಕೇಳಿದ ಮೇಲೆ ನನ್ನ ಕೈ ಅದನ್ನು ಮರೆತಿಲ್ಲ.

ಇನ್ನು ಆ ಎರಡು ದಿನಗಳ ಅತಿ ಮುಖ್ಯ ವಿಷಯ. ಸಂಜೆ ಸೂರು ಕಟ್ಟುವ ಪಾಠ. ತರಬೇತುದಾರರ ಕೈಪಿಡಿಯಲ್ಲಿ ಇದ್ದದ್ದು ತರಗೆಲೆಯ ಗುಡಿಸಲು: ಕೋಲುಗಳ ಚೌಕಟ್ಟು, ಮೇಲೆ ಒಣ ಎಲೆಯ ದಪ್ಪ ಹೊದಿಕೆ, ಒಳಗೆ ಒಂದು ಅಡಿ ಎಲೆಯ ಹಾಸಿಗೆ. ಎಲೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಕೆನಡಾ, ಇಂಗ್ಲೆಂಡಿನಂಥ ಚಳಿ ದೇಶಗಳಲ್ಲಿ ಕಾಡಿನಲ್ಲಿ ದಾರಿ ತಪ್ಪಿದವನ ಜೀವ ಉಳಿಸುವ ವಿದ್ಯೆ ಇದು. ಎಲೆ ತರಲು ಎಲ್ಲರೂ ಎದ್ದರು. ಅಮ್ಮ ಏಳಲಿಲ್ಲ. ‘ಜನವರೀಲಿ ಮಕ್ಕಳನ್ನ ತರಗಿನ ಮೇಲೆ ಮಲಗಿಸ್ತೀರಾ? ಇದು ಉಣುಗಿನ ಕಾಲ ಅಲ್ವಾ?’ ಎಂದು ಕೇಳಿದರು.

ಮಲೆನಾಡಿನವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ವೈರಸ್ ಕಾಯಿಲೆ ಇಂದಿಗೂ ಆ ಊರಿನ ಹೆಸರಿನಲ್ಲೇ ವೈದ್ಯಕೀಯ ಪುಸ್ತಕಗಳಲ್ಲಿದೆ. ನಾವು ಕರೆಯುವುದು ಮಂಗನ ಕಾಯಿಲೆ ಎಂದು. ಅದನ್ನು ಹರಡುವುದು ಉಣುಗು. ಮಳೆಗಾಲ ಮುಗಿದು ಕಾಡು ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಉಣುಗಿನ ಮರಿಗಳು ತರಗೆಲೆಯ ನಡುವೆ ಇರುತ್ತವೆ. ಸೊಪ್ಪು, ಸೌದೆ, ತರಗು ತರಲು ಕಾಡಿಗೆ ಹೋದವರಿಗೆ ಅವು ಕಚ್ಚುತ್ತವೆ. ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆಯಿಂದ ಜನ ಸತ್ತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಅಮ್ಮ ಪತ್ರಿಕೆಯ ವಿಷಯ ಹೇಳಲಿಲ್ಲ. ತಮ್ಮ ದೊಡ್ಡಪ್ಪನ ವಿಷಯ ಹೇಳಿದರು. ಕೊಟ್ಟಿಗೆಗೆ ತರಗು ತರಲು ಹೋದವರು, ಒಂದು ವಾರಕ್ಕೆ ಜ್ವರ ಹಿಡಿದು ಮಲಗಿದವರು ಏಳಲಿಲ್ಲ. ಆಗ ಅಮ್ಮನಿಗೆ ಒಂಬತ್ತು ವರ್ಷ. ಮಂಗನ ಕಾಯಿಲೆ ಎಂದೇ ಊರು ಹೇಳಿತು. ಇಪ್ಪತ್ತು ವರ್ಷ ಜೊತೆಗಿದ್ದೂ ನಮ್ಮ ಮನೆಯಲ್ಲಿ ಈ ಮಾತು ಬಂದಿರಲಿಲ್ಲ, ಬರುವ ಸಂದರ್ಭವೂ ಇರಲಿಲ್ಲ. ದಾವಣಗೆರೆಯ ಬಾಡಿಗೆ ಮನೆಯಲ್ಲಿ ತರಗೆಲೆಯ ಮಾತು ಯಾಕೆ ಬರುತ್ತದೆ?

ತರಬೇತುದಾರರು ಅದನ್ನು ಪೂರ್ತಿ ಕೇಳಿಸಿಕೊಂಡರು. ಕೈಪಿಡಿಯನ್ನು ಮಡಚಿಟ್ಟು, ಬಿದಿರಿನ ಕಾಲುಗಳ ಮೇಲೆ ತಡಿಕೆ ಕಟ್ಟಿ ನೆಲದಿಂದ ಎರಡು ಅಡಿ ಎತ್ತರದಲ್ಲಿ ಮಲಗುವ ಅಟ್ಟಣಿಗೆಯನ್ನು ಎಲ್ಲರಿಂದ ಮಾಡಿಸಿದರು. ತೋಟದ ಮಾಲೀಕರು ಆರೋಗ್ಯ ಕಾರ್ಯಕರ್ತರು ಕೊಟ್ಟಿದ್ದ ಉಣುಗು ನಿರೋಧಕ ಎಣ್ಣೆಯನ್ನು ತಂದುಕೊಟ್ಟರು. ಮನೆಗೆ ಹೋದ ಮೇಲೆ ಬಿಸಿ ನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ನೆನೆಸಿ, ಮೈಯನ್ನು ಪರೀಕ್ಷಿಸಿಕೊಳ್ಳಲು ಎಲ್ಲರಿಗೂ ಹೇಳಿದರು. ಅವರ ಪುಸ್ತಕ ತಪ್ಪಾಗಿರಲಿಲ್ಲ, ಅದು ಬೇರೆ ಊರಿನ ಪುಸ್ತಕ. ಅಲ್ಲಿ ಕೊಲ್ಲುವುದು ಚಳಿ, ಇಲ್ಲಿ ಕೊಲ್ಲಬಲ್ಲದ್ದು ಎಲೆಯೊಳಗಿನ ಹುಳ. ಯಾವುದೇ ಡಿಸೈನ್ ಮಾಡುವಾಗ ಮೊದಲು ಸ್ಥಳದ ಪರಿಸ್ಥಿತಿ ನೋಡಿ ಎಂದು ನಮ್ಮ ಮೇಷ್ಟ್ರು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗೆಂದು ಹಿರಿಯರು ಹೇಳಿದ್ದೆಲ್ಲ ವೇದವಾಕ್ಯ ಎನ್ನುತ್ತಿಲ್ಲ. ಹಾವು ಕಚ್ಚಿದರೆ ಮೇಲ್ಭಾಗಕ್ಕೆ ಬಟ್ಟೆ ಬಿಗಿದು ಕಟ್ಟಬೇಕು ಎಂದು ಅಮ್ಮ ಹೇಳಿದಾಗ ತರಬೇತುದಾರರು ತಡೆದರು. ಕಟ್ಟಬಾರದು, ಕುಯ್ಯಬಾರದು, ಬಾಯಿಂದ ಹೀರಬಾರದು. ಉಂಗುರ, ಬಳೆ ತೆಗೆದು, ಮೂಳೆ ಮುರಿದವರಿಗೆ ಮಾಡುವಂತೆ ಕಚ್ಚಿದ ಅಂಗವನ್ನು ಅಲುಗಾಡದಂತೆ ಇಟ್ಟು, ವಿಷ ನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಕಲಕಿದ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕಿದರೆ ಸಾಕು ಎಂಬ ಮಾತಿಗೂ ಅವರು ತಿದ್ದುಪಡಿ ಕೊಟ್ಟರು: ಕೆಸರು ತಳಕ್ಕಿಳಿಯುತ್ತದೆ ನಿಜ, ಆದರೆ ಕಾಯಿಲೆಯ ಭಯ ಹೋಗಬೇಕಾದರೆ ತಿಳಿ ನೀರನ್ನು ಕನಿಷ್ಠ ಒಂದು ನಿಮಿಷ ಮರಳಿಸಲೇಬೇಕು. ಅಮ್ಮ ನನ್ನ ನೋಟ್‌ಬುಕ್ ತೆಗೆದುಕೊಂಡು ಎರಡನ್ನೂ ಬರೆದುಕೊಂಡರು. ಊರಿನ ಅಣ್ಣನಿಗೆ ಆ ರಾತ್ರಿಯೇ ಫೋನ್ ಮಾಡಿ ಹೇಳಿದರು. ತಿಳಿವಳಿಕೆ ಎರಡೂ ಕಡೆಯಿಂದ ಹರಿಯಲು ಒಂದು ಜಾಗ ಬೇಕು. ಮನೆಯಲ್ಲಿ ಅದು ಕಷ್ಟ. ಅಲ್ಲಿ ಅವರು ಹೇಳುವವರು, ನಾವು ಕೇಳುವವರು, ಅಥವಾ ಕೇಳದಂತೆ ಮೊಬೈಲ್ ನೋಡುವವರು.

‘ನಮ್ಮಪ್ಪ ಹುಟ್ಟಿದ್ದೇ ಬೆಂಗಳೂರಲ್ಲಿ, ಅವರಿಗೇನು ಗೊತ್ತು?’ ಎಂದು ಗೆಳೆಯರು ಕೇಳಬಹುದು. ನಮ್ಮ ಬ್ಯಾಚಿನಲ್ಲೂ ಅಂಥವರಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮಗಳ ಜೊತೆ ಬಂದಿದ್ದರು. ಇಬ್ಬರಿಗೂ ಬೆಂಕಿ ಹತ್ತಿಸಲು ಒಂದೂವರೆ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಅವರಿಬ್ಬರು ಬೈದಾಡಿಕೊಳ್ಳದೆ ‘ಇದನ್ನ ಇಟ್ಟು ನೋಡೋಣ, ಅದನ್ನ ತೆಗಿ’ ಎಂದುಕೊಂಡೇ ಇದ್ದರು. ಪಿಯುಸಿಯಿಂದ ಈಚೆಗೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಎಂಥದ್ದು ಎಂದು ಯೋಚಿಸಿ. ಫೀಸ್ ಕಟ್ಟಾಯ್ತಾ, ಸಿಜಿಪಿಎ ಎಷ್ಟು, ಪ್ಲೇಸ್‌ಮೆಂಟ್ ಯಾವಾಗ, ಊಟ ಮಾಡಿದ್ಯಾ. ಅವರು ಪರೀಕ್ಷಕರು, ನಾವು ಅಭ್ಯರ್ಥಿಗಳು. ಇಬ್ಬರೂ ಏನೂ ಗೊತ್ತಿಲ್ಲದೆ ಒಂದೇ ಕೆಲಸಕ್ಕೆ ಕೈ ಹಾಕುವ ಅವಕಾಶ ಈ ವಯಸ್ಸಿನಲ್ಲಿ ಬೇರೆಲ್ಲಿ ಸಿಗುತ್ತದೆ?

ಕೋರ್ಸ್ ನಡೆಸುವವರಿಗೂ ಎರಡು ಮಾತು ಹೇಳಬೇಕು. ಒಂದು, ಬೆಂಕಿಯ ಪಾಠ ಖಾಸಗಿ ತೋಟದಲ್ಲೇ ನಡೆಯಲಿ, ಮುಗಿದ ಮೇಲೆ ಬೂದಿ ಕೈಗೆ ತಣ್ಣಗೆ ತಾಗುವವರೆಗೆ ನೀರು ಸುರಿಯುವುದನ್ನೂ ಕಲಿಸಲಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ನಾವು ಮರೆಯುವಂತಿಲ್ಲ. ಎರಡು, ತರಬೇತುದಾರರ ಪಟ್ಟಿಯಲ್ಲಿ ಸ್ಥಳೀಯರ ಹೆಸರೂ ಇರಲಿ. ಹಸಲರು, ಕುಣಬಿಗಳು, ಸಿದ್ದಿಯರು, ತೋಟದ ಕೂಲಿಗೆ ಬರುವ ಹೆಂಗಸರು, ಇವರೆಲ್ಲ ಈ ವಿದ್ಯೆಯ ನಿಜವಾದ ಪ್ರಾಧ್ಯಾಪಕರು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ವಿಜ್ಞಾನಿಯೊಬ್ಬರು ಹಳ್ಳಿಯ ಮಂದಣ್ಣನನ್ನು ತಮ್ಮ ಹುಡುಕಾಟದ ಜೊತೆಗಾರನನ್ನಾಗಿ ಮಾಡಿಕೊಂಡದ್ದನ್ನು ಓದಿ ಮೆಚ್ಚಿದವರು ನಾವು. ನಮ್ಮ ಕೋರ್ಸಿನಲ್ಲಿ ಅಡುಗೆಗೆಂದು ಬಂದಿದ್ದ ಊರಿನ ಇಬ್ಬರು ಹೆಂಗಸರಿಗೆ ತರಬೇತುದಾರರಿಗಿಂತ ಹೆಚ್ಚು ಗಿಡಗಳ ಹೆಸರು ಗೊತ್ತಿತ್ತು. ಅವರಿಗೆ ಸಿಕ್ಕಿದ್ದು ಅಡುಗೆಯ ಕೂಲಿ ಮಾತ್ರ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳು ಪೋಷಕರು–ಮಕ್ಕಳ ಬ್ಯಾಚ್‌ಗಳನ್ನು ಕಡಿಮೆ ಶುಲ್ಕದಲ್ಲಿ ನಡೆಸಿದರೆ, ಖಾಸಗಿ ಕೋರ್ಸಿನ ಸಾವಿರಾರು ರೂಪಾಯಿ ಭರಿಸಲಾಗದ ಮನೆಗಳಿಗೂ ಇದು ದಕ್ಕುತ್ತದೆ.

ಸೌದೆ ಹೊರೆಯ ಕಾಲ ಯಾರ ಅಮ್ಮನಿಗೂ ಮರಳಿ ಬರುವುದು ಬೇಡ. ನಮಗೆ ವಾರಾಂತ್ಯದ ಆಟವಾಗಿರುವುದು ಅವರಿಗೆ ಪ್ರತಿದಿನದ ದುಡಿಮೆಯಾಗಿತ್ತು, ಅದರಿಂದ ಬಿಡಿಸಿಕೊಂಡು ಬಂದದ್ದು ಅವರ ಗೆಲುವು. ಆ ದುಡಿಮೆಯಲ್ಲಿ ಅವರು ಗಳಿಸಿದ ತಿಳಿವಳಿಕೆಯಾದರೂ ನಮಗೆ ಉಳಿಯಲಿ. ಅದನ್ನು ‘ಸ್ಕಿಲ್’ ಎಂದು ಕರೆಯಲು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಅವರಾಗಿಯೇ ಹೇಳಲು ಬರುವುದಿಲ್ಲ, ಕೇಳಬೇಕಾದವರು ನಾವು.

ಮುಂದಿನ ಸಲ ಇಂಥ ಜಾಹೀರಾತು ಕಣ್ಣಿಗೆ ಬಿದ್ದರೆ ಎರಡು ಹೆಸರು ಬರೆಸಿ. ಹೊರಡುವ ಮೊದಲು ಮನೆಯಲ್ಲಿ ಮೂರು ಪ್ರಶ್ನೆ ಕೇಳಿ: ನಿಮ್ಮೂರಲ್ಲಿ ನೀರು ಎಲ್ಲಿಂದ ತರುತ್ತಿದ್ದಿರಿ? ಸೌದೆ ಯಾರು ತರುತ್ತಿದ್ದರು? ಕಾಡಿನಲ್ಲಿ ನಿಮಗೆ ಯಾವುದರ ಭಯ ಇತ್ತು? ಮೊದಲ ಸಲ ಕೇಳಿದಾಗ ‘ಅದೆಲ್ಲ ಈಗ್ಯಾಕೆ’ ಎನ್ನುತ್ತಾರೆ. ಎರಡನೇ ಸಲ ಕೇಳಿ.